ಗಿಡ್ಡವಾಗಿ ಉಳಿದ ಎಡತೋಳು

ಶಕುನ, ದೃಷ್ಟಿ, ಮುನ್ಸೂಚನೆ ಇಂಥವನ್ನು ನಾನು ಎಂದೂ ನಂಬಿದವಳಲ್ಲ. ಹೊನ್ನಾಳಿಯಲ್ಲಿ ಕಾಲೇಜು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಡುತ್ತೇನೆ. ಕಂಡದ್ದಕ್ಕೆ ಕಾರಣ ಹುಡುಕುವುದೇ ನನ್ನ ಕೆಲಸ. ಈಗ ಬರೆಯುತ್ತಿರುವುದಕ್ಕೆ ಮಾತ್ರ ಕಾರಣ ಸಿಕ್ಕಿಲ್ಲ. ನೀವು ನಂಬಲೇಬೇಕೆಂದು ಕೇಳುವುದಿಲ್ಲ, ನಾನೇ ಇನ್ನೂ ಪೂರ್ತಿ ನಂಬಿಲ್ಲ.

ನನ್ನ ಅಕ್ಕ ಸ್ವೆಟರ್ ಹೆಣೆಯುತ್ತಿದ್ದಳು. ಮಾರುವುದಕ್ಕಲ್ಲ, ಕೊಡುವುದಕ್ಕೆ. ಸಾಸ್ವೆಹಳ್ಳಿಯ ಅವಳ ಮನೆಗೆ ಹಾಲು ಹಾಕುವವರಿಂದ ಹಿಡಿದು ನ್ಯಾಮತಿಯಲ್ಲಿರುವ ನಮ್ಮ ಅಮ್ಮನವರೆಗೆ, ಅವಳ ಸ್ವೆಟರ್ ಇಲ್ಲದವರು ಕಡಿಮೆ. ಅಳತೆಗೆ ಟೇಪು ಹಿಡಿದವಳಲ್ಲ. ಹೆಂಗಸರು ಮಕ್ಕಳಾದರೆ ಒಮ್ಮೆ ಗಟ್ಟಿಯಾಗಿ ತಬ್ಬಿಕೊಳ್ಳುತ್ತಿದ್ದಳು, ಅಳತೆ ಸಿಕ್ಕಿಬಿಡುತ್ತಿತ್ತು. ಗಂಡಸರಾದರೆ ಪಕ್ಕಕ್ಕೆ ಭಾವನನ್ನು ನಿಲ್ಲಿಸಿ, ಇವರಿಗಿಂತ ದಪ್ಪವೋ ಸಣ್ಣವೋ ಎಂದು ನೋಡುತ್ತಿದ್ದಳು.

ಒಂದು ಹಟ ಮಾತ್ರ ಅವಳಿಗಿತ್ತು. ಕೊನೆಯ ಗಂಟನ್ನು ಸ್ವೆಟರ್ ತೊಡಿಸಿದ ಮೇಲೆಯೇ ಹಾಕಬೇಕು. ಮೈಮೇಲಿರುವ ಬಟ್ಟೆಗೆ ಸೂಜಿ ಹಾಕಬಾರದು, ಹಾಕಲೇಬೇಕಾದರೆ ತೊಟ್ಟವರು ಹಲ್ಲಿನಲ್ಲಿ ಒಂದು ಎಳೆ ದಾರ ಕಚ್ಚಿಕೊಂಡಿರಬೇಕು, ಇಲ್ಲದಿದ್ದರೆ ಆಯುಸ್ಸಿಗೆ ಒಳ್ಳೆಯದಲ್ಲ ಎಂದು ನಮ್ಮಲ್ಲಿ ಹಿರಿಯರು ಹೇಳುತ್ತಿದ್ದರು. ಹಾಗಾಗಿ ಅಕ್ಕನಿಂದ ಸ್ವೆಟರ್ ಪಡೆದವರೆಲ್ಲ ಬಾಯಲ್ಲಿ ಉಲ್ಲನ್ ಎಳೆ ಕಚ್ಚಿಕೊಂಡು ಅವಳೆದುರು ನಿಂತವರೇ. ಗಂಟು ಹಾಕಿ, ದಾರವನ್ನು ತನ್ನ ಹಲ್ಲಿನಿಂದ ಕಡಿದು, ಬೆನ್ನಿಗೊಂದು ಏಟು ಕೊಟ್ಟು, "ಆಯ್ತು, ಹೋಗು, ಇನ್ನ ಬದುಕ್ಕ" ಎನ್ನುತ್ತಿದ್ದಳು.

ಕೆಲವು ವರ್ಷಗಳ ಹಿಂದಿನ ಜನವರಿ. ಚನ್ನಗಿರಿಯಲ್ಲಿ ಚಿಕ್ಕಪ್ಪನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವವರಿದ್ದರು. ಅಕ್ಕ, ಭಾವ, ನಾನು ಬೆಳಿಗ್ಗೆಯೇ ಸಾಸ್ವೆಹಳ್ಳಿಯಿಂದ ಕಾರಿನಲ್ಲಿ ಹೊರಟೆವು. ಎದುರಿನದು ಕಾಣದಷ್ಟು ಮಂಜು. ನನಗಾಗಿ ಹೆಣೆದ ನೇರಳೆ ಸ್ವೆಟರಿನಲ್ಲಿ ಎಡ ಮಣಿಕಟ್ಟಿನ ಪಟ್ಟಿಯಷ್ಟೇ ಬಾಕಿಯಿತ್ತು. ಚಳಿಗೆ ಅದನ್ನೇ ತೊಟ್ಟು ಹಿಂದಿನ ಸೀಟಿನಲ್ಲಿ ಕೂತಿದ್ದೆ. ಅಕ್ಕ ಪಕ್ಕದಲ್ಲಿ ಕೂತು ನನ್ನ ಎಡಗೈಯನ್ನು ತೊಡೆಯ ಮೇಲೆಳೆದುಕೊಂಡು, ಮೋಟು ಕಡ್ಡಿಗಳಲ್ಲಿ ಪಟ್ಟಿ ಹೆಣೆಯಲು ಶುರು ಮಾಡಿದಳು.

"ಕೈ ಅಲ್ಲಾಡಿಸಬ್ಯಾಡ ಕಣೆ, ಕುಣಿಕೆ ಜಾರ್ತಾವೆ."

"ಅಲ್ಲಿಗೆ ಹೋದ ಮ್ಯಾಲೆ ಮಾಡಾಕಾಗಲ್ವಾ?"

"ತೊಟ್ಲಿನ ಮನೆಗೆ ಅರ್ಧಂಬರ್ಧ ತೊಟ್ಕಂಡು ಹೋಗ್ತಾರೇನೇ? ಬಾಯಿ ತೆಗಿ, ದಾರ ಕಚ್ಕ."

ನಾನು ಬಾಯಿ ಬಿಗಿದುಕೊಂಡೆ. ಅಕ್ಕ ಮುಂದೆ ಕಾರು ಓಡಿಸುತ್ತಿದ್ದ ಭಾವನ ಕಡೆ ಬಾಗಿದಳು. "ನೋಡ್ರೀ, ಎಮ್ಮೆಸ್ಸಿ ಓದಿದೋರು ದಾರ ಕಚ್ಕಂಡ್ರೆ ಡಿಗ್ರಿ ವಾಪಸ್ ಇಸ್ಕಂತಾರಂತೆ."

"ನಂಗಿಲ್ಲಿ ರಸ್ತೇನೇ ಕಾಣ್ತಿಲ್ಲ, ನಿಮಗೆ ದಾರದ್ದು," ಎಂದರು ಭಾವ.

"ಗಂಟು ಹಾಕಾಗ ಕಚ್ತೀನಿ ಬಿಡೇ, ಇನ್ನೂ ಅರ್ಧ ಪಟ್ಟಿ ಐತೆ," ಎಂದೆ.

ಅರ್ಧ ಪಟ್ಟಿ ಬಾಕಿಯಿತ್ತು. ನಾನು ನೋಡಿದ್ದೇನೆ. ಇದರಲ್ಲಿ ನನಗೆ ಅನುಮಾನವಿಲ್ಲ.

ಕತ್ತಲಗೆರೆ ಕಡೆ ಚಾನಲ್ ಪಕ್ಕದ ದಾರಿ ಹಿಡಿದಿದ್ದೆವು. ಬೇಸಿಗೆ ಭತ್ತಕ್ಕೆ ನೀರು ಬಿಟ್ಟಿದ್ದರಿಂದ ನಾಲೆ ತುಂಬಿ ಹರಿಯುತ್ತಿತ್ತು. ಮಂಜಿನೊಳಗಿಂದ ಹುಲ್ಲು ತುಂಬಿದ ಟ್ರ್ಯಾಕ್ಟರೊಂದು ದಿಢೀರನೆ ಎದುರಾಯಿತು. ಭಾವ ಪಕ್ಕಕ್ಕೆ ತಿರುಗಿಸಿದರು. ಏರಿಯ ಮಣ್ಣು ಕುಸಿದು ಕಾರು ಮಗುಚಿ ನೀರಿಗೆ ಬಿತ್ತು.

ಆಮೇಲಿನದು ಈಗಲೂ ಪಾಠದ ನಡುವೆ, ಅಡುಗೆಯ ನಡುವೆ ನನ್ನೆದುರು ಬರುತ್ತದೆ. ಕಿವಿಯೊಳಗೆ ನೀರು, ಮೇಲಾವುದು ಕೆಳಗಾವುದು ತಿಳಿಯದ ಕತ್ತಲು. ಆ ಕತ್ತಲಲ್ಲಿ ಯಾರೋ ನನ್ನ ಎಡ ಮಣಿಕಟ್ಟನ್ನು ಹಿಡಿದಿದ್ದರು. ಗಾಬರಿಯಲ್ಲಿ ಜೋತುಬಿದ್ದ ಹಿಡಿತವಲ್ಲ ಅದು. ಕೆಲಸ ಮಾಡುವಾಗ ಹಿಡಿದುಕೊಳ್ಳುವ ಹಾಗಿತ್ತು. ಮಣಿಕಟ್ಟಿಗೆ ಚುಚ್ಚಿದಂತಾಯಿತು, ಬಿಗಿಯಾಯಿತು. ಆಮೇಲೆ ಬೆನ್ನಿಗೆ ಒಂದು ಏಟು ಬಿತ್ತು. ಆ ಏಟಿಗೆ ನಾನು ಒಡೆದ ಕಿಟಕಿಯಿಂದ ಹೊರಗಿದ್ದೆ.

ಟ್ರ್ಯಾಕ್ಟರ್ ಓಡಿಸುತ್ತಿದ್ದವರು ಖಾದರ್ ಸಾಬರು ಎಂಬ ವಯಸ್ಸಾದ ರೈತರು. ಹುಲ್ಲು ಬಿಗಿದ ಹಗ್ಗವನ್ನೇ ಬಿಚ್ಚಿ ಎಸೆದು ನನ್ನನ್ನು ಏರಿಗೆ ಎಳೆದರು. ಭಾವ ಆಗಲೇ ದಡ ಸೇರಿ ಅಕ್ಕನ ಹೆಸರು ಕೂಗುತ್ತಿದ್ದರು. ನನಗೂ ಕೂಗಬೇಕಿತ್ತು, ಆದರೆ ಬಾಯಿ ತೆರೆಯಲಿಲ್ಲ.

"ಹಲ್ಲು ಬಿಡು ತಾಯಿ, ಏನೋ ಕಚ್ಕಂಡಿದೀಯ. ಬಿಡವ್ವಾ," ಎಂದು ಸಾಬರು ಗಲ್ಲ ಹಿಡಿದು ಬಿಡಿಸಿದರು. ಬಾಯಿಂದ ಎಳೆದದ್ದು ಗೇಣುದ್ದದ ನೇರಳೆ ದಾರ.

ಅಕ್ಕ ಸಿಕ್ಕಿದ್ದು ಮಧ್ಯಾಹ್ನ, ಕೆಳಗಿನ ತೂಬಿನ ಹತ್ತಿರ. ಮಾರನೆಯ ಬೆಳಿಗ್ಗೆ ಮಣ್ಣಿಗೆ ಬಂದವರು ಚಳಿಗೆ ಸ್ವೆಟರ್ ತೊಟ್ಟಿದ್ದರು. ಹಾಲಿನವರು, ಎದುರುಮನೆಯವರು, ಅವರ ಮಕ್ಕಳು. ಎತ್ತ ನೋಡಿದರೂ ಅವಳ ಕೈಕೆಲಸವೇ. ಯಾರ ಮುಖವನ್ನೂ ನೋಡಲಾಗದೆ ಆ ಸ್ವೆಟರುಗಳನ್ನೇ ನೋಡುತ್ತಾ ನಿಂತಿದ್ದೆ.

ನನ್ನ ಸ್ವೆಟರನ್ನು ಒಣಹಾಕಿದವಳು ಅಮ್ಮ. ಅವಳೇ ಕರೆದು ಕೇಳಿದ್ದು: "ಈ ಕೈಯಿ ಯಾವಾಗ ಮುಗಿಸಿದ್ಲೇ?"

ಎಡತೋಳಿನ ಪಟ್ಟಿಯ ಅಂಚು ಮುಚ್ಚಿತ್ತು. ಸುತ್ತಲೂ ಒಂದೊಂದೇ ಕುಣಿಕೆ ಇಳಿಸಿ, ಕೊನೆಗೆ ಅಕ್ಕ ಹಾಕುವ ಗಂಟೇ ಬಿದ್ದಿತ್ತು. ದಾರದ ತುದಿ ಕತ್ತರಿಯಲ್ಲಿ ಕತ್ತರಿಸಿದ್ದಲ್ಲ, ಹಲ್ಲಿನಲ್ಲಿ ಕಡಿದದ್ದು. ಕಡ್ಡಿಗಳು ಕಾರನ್ನು ಮೇಲೆತ್ತಿದಾಗಲೂ ಸಿಗಲಿಲ್ಲ.

"ಹೊರಡಾಕೆ ಮುಂಚೆನೇ ಮುಗಿಸಿರ್ತಾಳೆ, ನಿಂಗೆ ಆ ಹೊಡೆತಕ್ಕೆ ಮರ್ತೈತೆ," ಎಂದರು ಭಾವ. ನಾನು ಸ್ವೆಟರಿನ ಎರಡೂ ತೋಳುಗಳನ್ನು ಜೋಡಿಸಿ ಹಿಡಿದೆ. ಎಡತೋಳು ಅರ್ಧ ಪಟ್ಟಿಯಷ್ಟು ಗಿಡ್ಡವಿತ್ತು. ಪುರುಸೊತ್ತಿದ್ದಾಗ ಅಕ್ಕ ಹಾಗೆ ಬಿಡುವವಳಲ್ಲ. ಭಾವ ಅದನ್ನು ಮುಟ್ಟಿ ನೋಡಿ, ಎದ್ದು ಹಿತ್ತಿಲಿಗೆ ಹೋದರು.

ನೀರಿನ ಸೆಳೆತಕ್ಕೆ ದಾರ ಬಾಯಿಗೆ ಸಿಕ್ಕಿರಬಹುದು. ಕಾರಿನಲ್ಲಿ ನನಗೆ ಜೊಂಪು ಹತ್ತಿ, ಅವಳು ಬೇಗ ಮುಗಿಸಿದ್ದು ಗೊತ್ತಾಗದೆ ಹೋಗಿರಬಹುದು. ಬೆನ್ನಿಗೆ ಬಿದ್ದದ್ದು ಸೀಟೇ ಇರಬಹುದು. ಒಂದೊಂದಾಗಿ ಎಲ್ಲಕ್ಕೂ ಉತ್ತರ ಹೊಂದಿಸುತ್ತೇನೆ. ಒಟ್ಟಿಗೆ ಇಟ್ಟಾಗ ಯಾವುದೂ ನಿಲ್ಲುವುದಿಲ್ಲ. ಅಂಚು ಮುಚ್ಚಿ ಗಂಟು ಹಾಕಲು ಹೊತ್ತು ಬೇಕು. ನೀರಿನೊಳಗೆ ಅಷ್ಟು ಹೊತ್ತು ಯಾರಿಗೂ ಇರಲಿಲ್ಲ. ಇದ್ದಿದ್ದರೆ ಅಷ್ಟರಲ್ಲಿ ಅವಳು ತನ್ನ ಕಡೆಯ ಬಾಗಿಲು ತೆಗೆಯಬಹುದಿತ್ತು.

ಚಳಿಗಾಲ ಬಂದಾಗ ಆ ಸ್ವೆಟರ್ ತೊಡುತ್ತೇನೆ. ಎಡ ಮಣಿಕಟ್ಟಿನ ಮೇಲೆ ಎರಡು ಬೆರಳಗಲದ ಜಾಗ ಬರಿದಾಗಿಯೇ ಇರುತ್ತದೆ. ಚಳಿ ಮೊದಲು ತಾಗುವುದು ಅಲ್ಲಿಗೆ. ಬಲಗೈಯಿಂದ ಅದನ್ನು ಮುಚ್ಚಿಕೊಂಡು ಕೂರುತ್ತೇನೆ, ಅವಳು ಹಿಡಿದಿದ್ದ ಹಾಗೆಯೇ.