ಅರ್ಧಘಟ್ಟದ ಕೊಟ್ಯಕ್ಕೆ ಬಿದ್ದ ಬೀಗ

ನನ್ನ ದೊಡ್ಡಪ್ಪ ಚನಿಯಪ್ಪನವರು ದೇವರಂಥ ಮನುಷ್ಯ ಎಂದು ಯಾರಾದರೂ ಹೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಹೊಟ್ಟೆಪಾಡಿಗೆ ತನ್ನವರನ್ನೇ ಹೊರಗೆ ಹಾಕಿದ ಎಂದು ಬೈದರೆ ಇನ್ನೂ ಹೆಚ್ಚು ಉರಿಯುತ್ತದೆ. ಬೈಯುವ ಹಕ್ಕು ಇದ್ದದ್ದು ನಮಗೆ ಮೂವರಿಗೆ. ಅದರಲ್ಲಿ ಇಬ್ಬರು ಬೈಯಲಿಲ್ಲ.

ನಮ್ಮ ಊರು ಬೆಳ್ತಂಗಡಿಯಿಂದ ಮೂಡಕ್ಕೆ, ಘಟ್ಟದ ಬುಡದಲ್ಲಿ. ಮೋಟಾರು ರಸ್ತೆ ನಮಗೆ ದೊಡ್ಡ ಸುತ್ತು. ಕಾಡಿನ ಕಾಲುದಾರಿ ಹಿಡಿದು ಹತ್ತಿದರೆ ಮರುದಿನ ಮಧ್ಯಾಹ್ನದೊಳಗೆ ಮೇಲಿನ ಊರು ಸೇರಬಹುದಿತ್ತು. ಉಪ್ಪು, ಒಣಮೀನು, ತೆಂಗಿನಕಾಯಿ ಎಲ್ಲ ತಲೆಹೊರೆಯಲ್ಲಿ ಹೋಗುತ್ತಿದ್ದದ್ದು ಅದೇ ದಾರಿಯಲ್ಲಿ. ಅರ್ಧ ಹತ್ತಿದಲ್ಲಿ ಒಂದು ಒರತೆ, ಅದರ ಪಕ್ಕ ಒಂದು ಕೊಟ್ಯ. ಕೊಟ್ಯ ಎಂದರೆ ಗುಡಿಸಲು. ಮಣ್ಣಿನ ಗೋಡೆ, ಮುಳಿಹುಲ್ಲಿನ ಮಾಡು, ನಡುವೆ ಮೂರು ಕಲ್ಲಿನ ಒಲೆ. ಬಾಗಿಲ ಜಾಗದಲ್ಲಿ ಬಿದಿರಿನ ತಟ್ಟಿ. ಯಾವ ಅಜ್ಜನ ಕಾಲದಲ್ಲಿ ಯಾರು ಕಟ್ಟಿದರೋ ಯಾರಿಗೂ ಗೊತ್ತಿರಲಿಲ್ಲ, ಹಾಗಾಗಿ ಅದು ಎಲ್ಲರದ್ದೂ ಆಗಿತ್ತು.

ಅಲ್ಲಿನ ಕಟ್ಟಳೆ ಎರಡೇ. ಉರಿಸಿದಷ್ಟು ಸೌದೆಯನ್ನು ಒಟ್ಟುಮಾಡಿ ಇಟ್ಟೇ ಹೊರಡಬೇಕು. ಒಟ್ಟಿಗೆ ಹತ್ತಿದವರು ಒಟ್ಟಿಗೇ ಒಳಗೆ ಮಲಗಬೇಕು, ನೀನು ಯಾರು ಎಂದು ಕೇಳುವ ಹಾಗಿಲ್ಲ. ಊರಲ್ಲಿ ಅಂಗಳದಾಚೆ ನಿಲ್ಲಿಸುತ್ತಿದ್ದವರ ಪಕ್ಕದಲ್ಲೇ ಕೂತು ಅಲ್ಲಿ ಚಳಿ ಕಾಯಿಸುತ್ತಿದ್ದರು. ಘಟ್ಟ ಇಳಿದ ಕೂಡಲೇ ಆ ಮರ್ಯಾದೆಯೆಲ್ಲ ಮರೆತುಹೋಗುತ್ತಿತ್ತು, ನಮ್ಮವರ ಯೋಗ್ಯತೆಯೇ ಅಷ್ಟು.

ಆ ಕೊಟ್ಯಕ್ಕೆ ವರ್ಷ ವರ್ಷ ಹೊಸ ಹುಲ್ಲು ಹೊದೆಸುತ್ತಿದ್ದದ್ದು ದೊಡ್ಡಪ್ಪ. ಯಾರೂ ಹೇಳಿದ್ದಲ್ಲ, ಯಾರೂ ಒಂದು ಹಿಡಿ ಅಕ್ಕಿ ಕೊಟ್ಟದ್ದೂ ಇಲ್ಲ. ಹೆಂಡತಿ ತೀರಿಕೊಂಡಿದ್ದರು, ಮಕ್ಕಳಿರಲಿಲ್ಲ. ಕಾಡಿನ ಅಂಚಿನಲ್ಲಿ ಒಂದು ಮನೆ, ಹಿತ್ತಿಲಲ್ಲಿ ನಾಲ್ಕು ಬಾಳೆ. ನಾನು ಸಣ್ಣವಳಿದ್ದಾಗ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ಘಟ್ಟ ಹತ್ತಿಸಿದ್ದೂ ಅವರೇ.

ನಮ್ಮ ಜಿಲ್ಲೆ ಮದರಾಸು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿ ಮೂರು ವರ್ಷ ಆಗಿತ್ತು. ಬೆಳ್ತಂಗಡಿಗೆ ಹೊಸದಾಗಿ ಬಂದ ಅರಣ್ಯ ಇಲಾಖೆಯ ಒಬ್ಬ ಸಾಹೇಬ ಬೇಟೆಗೆಂದು ಮೇಲೆ ಹೋದವನು ಕೊಟ್ಯದ ಜಾಗ ನೋಡಿ ಮರುಳಾದ. ಊರಿಗೆ ಉಪಕಾರ ಮಾಡುತ್ತೇನೆ ಎಂದ. ಹುಲ್ಲು ತೆಗೆಸಿ ಹಂಚು ಹಾಕಿಸಿದ, ಗೋಡೆಗೆ ಸುಣ್ಣ ಬಳಿಸಿದ. ಹಲಸಿನ ಹಲಗೆಯ ಬಾಗಿಲು ಬಂತು, ಬಾಗಿಲಿಗೆ ತೆಂಗಿನಕಾಯಿಯಷ್ಟು ದೊಡ್ಡ ಬೀಗ ಬಂತು. ಆ ಬಾಗಿಲನ್ನು ತಲೆಯ ಮೇಲೆ ಹೊತ್ತುಕೊಂಡು ಹತ್ತಿದ್ದು ಯಾರು? ನಮ್ಮ ದೊಡ್ಡಪ್ಪ! ಇನ್ನು ಗಾಳಿ ಒಳಗೆ ಬರುವುದಿಲ್ಲ ಎಂದು ಊರೆಲ್ಲ ಹೇಳಿಕೊಂಡು ತಿರುಗಿದರು. ಸಾಹೇಬ ಅವರಿಗೆ ಖಾಕಿ ಅಂಗಿ ಕೊಟ್ಟು ಕಾವಲಿಗೆ ಇಟ್ಟ. ಅಲ್ಲಿ ತಂಗುವವರು ಬೆಳ್ತಂಗಡಿ ಆಫೀಸಿನಿಂದ ಚೀಟಿ ತರಬೇಕು ಎಂದು ಹೇಳಿದ. ಅದು ಪೇಟೆಯಿಂದ ಬರುವವರಿಗೆ, ನಮ್ಮವರಿಗಲ್ಲ ಎಂದು ದೊಡ್ಡಪ್ಪ ತಾವೇ ಅರ್ಥ ಮಾಡಿಕೊಂಡರು. ಅಂಥ ಅರ್ಥ ಮಾಡಿಕೊಳ್ಳುವುದಕ್ಕೆ ನಮ್ಮ ಊರಿನವರೇ ಆಗಬೇಕು.

ನಮ್ಮವರ ಹತ್ತಿರ ಚೀಟಿ ಕೇಳದೆ ಒಂದು ವರ್ಷ ಹಾಗೇ ನಡೆಯಿತು. ಆಮೇಲೊಂದು ದಿನ ಸಾಹೇಬ ಅತಿಥಿಗಳನ್ನು ಕರೆದುಕೊಂಡು ಬಂದಾಗ ಒಳಗೆ ಒಣಮೀನಿನ ವಾಸನೆ, ಸುಣ್ಣದ ಗೋಡೆಯ ಮೇಲೆ ಮಸಿ. ಅವನು ಕೂಗಾಡಲಿಲ್ಲವಂತೆ. "ಚನಿಯಪ್ಪ, ನಿನ್ನ ಮನೆ ಇರುವುದು ಕಾಡಿನ ಗಡಿಯೊಳಗೆ. ನೆನಪಿರಲಿ" ಎಂದು ಮಾತ್ರ ಹೇಳಿದನಂತೆ. ಅಲ್ಲಿಗೆ ದೊಡ್ಡಪ್ಪನ ಬೆನ್ನುಮೂಳೆ ಮುರಿಯಿತು.

ಈ ಬೆದರಿಕೆಯ ವಿಷಯ ನನಗೆ ಗೊತ್ತಿರಲಿಲ್ಲ. ಅರುವತ್ತೊಂದರ ಡಿಸೆಂಬರ್. ಬಾಣಂತನ ಮುಗಿಸಿ, ನಾಲ್ಕು ತಿಂಗಳ ಮಗಳನ್ನು ಕಟ್ಟಿಕೊಂಡು, ಮೇಲಿನ ಊರಿನ ಗಂಡನ ಮನೆಗೆ ಹೊರಟಿದ್ದೆ. ಜೊತೆಗೆ ಫರಂಗಿಪೇಟೆಯ ಒಣಮೀನಿನ ವ್ಯಾಪಾರಿ ಉಮ್ಮರ್ ಬ್ಯಾರಿ, ಅವರ ಹೊರೆ ಹೊರುವ ನಮ್ಮ ನೆರೆಯ ತುಕ್ರಪ್ಪ. ಬ್ಯಾರಿಯವರಿಗೆ ಅರುವತ್ತು ದಾಟಿತ್ತು, ದಾರಿಯಲ್ಲೇ ಜ್ವರ ಹಿಡಿದಿತ್ತು. ಕೊಟ್ಯದ ಹತ್ತಿರ ಬಂದಾಗ ಹೊತ್ತು ಕಂತುತ್ತಿತ್ತು. ಬಾಗಿಲಿಗೆ ಬೀಗ, ಜಗಲಿಯಲ್ಲಿ ಖಾಕಿ ಅಂಗಿಯ ದೊಡ್ಡಪ್ಪ.

"ಚನಿಯಪ್ಪಣ್ಣ, ಬೇಗ ಬಾಗಿಲು ತೆಗೆಯಿರಿ ಮಾರಾಯ್ರೆ. ಮೈ ನಡುಗ್ತಾ ಉಂಟು" ಎಂದರು ಬ್ಯಾರಿ.

ದೊಡ್ಡಪ್ಪ ನೆಲ ನೋಡಿಕೊಂಡು, "ಚೀಟಿ ಉಂಟಾ ಬ್ಯಾರಿಗಳೇ?" ಎಂದು ಕೇಳಿದರು.

ನಾನು ನಕ್ಕೆ. ತಮಾಷೆ ಎಂದುಕೊಂಡೆ. ಇಪ್ಪತ್ತು ವರ್ಷ ಒಂದೇ ಒಲೆಯಲ್ಲಿ ಗಂಜಿ ಬೇಯಿಸಿಕೊಂಡು ಉಂಡವರು ಇವರಿಬ್ಬರು.

"ಎಂತ ಚೀಟಿ ದೊಡ್ಡಪ್ಪ? ನಿಮಗೆ ಹುಚ್ಚಾ?"

"ನೀನು ಮಗುವನ್ನು ತೆಗೊಂಡು ಒಳಗೆ ಹೋಗು. ನಿನಗೆ ತೆಗೀತೇನೆ. ನನ್ನ ಮನೆಯ ಹುಡುಗಿ ಅಂತ ಹೇಳ್ತೇನೆ. ಅವರಿಗೆ ಆಗುವುದಿಲ್ಲ."

"ಒಟ್ಟಿಗೆ ಹತ್ತಿದವರು ನಾವು."

"ಅದು ಮೊದಲಿನ ಕಾಲ. ನನ್ನ ಮನೆ ಕೀಳಿಸ್ತಾರೆ ಮಗಾ, ನಿನಗೆ ಗೊತ್ತಿಲ್ಲ."

ಬ್ಯಾರಿಯವರೇ ನನ್ನನ್ನು ಕೇಳಿಕೊಂಡರು. "ಹಟ ಬೇಡ ಮಗಳೇ, ಮಗುವಿಗೆ ಚಳಿ. ನೀನು ಹೋಗು, ನಾವು ಹೇಗಾದರೂ ಸುಧಾರಿಸ್ತೇವೆ."

ನಾನು ಹೋಗಲಿಲ್ಲ. ಜ್ವರದ ಮುದುಕನನ್ನು ಹೊರಗೆ ಬಿಟ್ಟು ನಾನು ಬಾಗಿಲು ಹಾಕಿಕೊಂಡು ಮಲಗಬೇಕೇ? ಬಾಯಿಗೆ ಬಂದದ್ದೆಲ್ಲ ಬೈದೆ. ಅವರು ಕಿಸೆಯಿಂದ ಬೀಗದ ಕೈ ತೆಗೆಯಲಿಲ್ಲ. ಒರತೆಯ ಆಚೆಯ ಬಂಡೆಯ ಕೆಳಗೆ ತುಕ್ರಪ್ಪ ಬೆಂಕಿ ಹಾಕಿದ. ಬ್ಯಾರಿಯವರು ತಮ್ಮ ಕಂಬಳಿ ಬಿಚ್ಚಿ ನನ್ನ ಮಗಳಿಗೆ ಹೊದೆಸಿ, ತಾವು ಖಾಲಿ ಗೋಣಿ ಹೊದ್ದುಕೊಂಡರು.

ಬೆಳಿಗ್ಗೆ ಹೊರಡುವ ಮೊದಲು ಅವರಿಬ್ಬರೂ ಸೌದೆ ಒಟ್ಟುಮಾಡಿ, ತಂದು ಆ ಬಾಗಿಲಿನ ಎದುರು ಪೇರಿಸಿದರು. ನನಗೆ ತಡೆಯಲಾಗಲಿಲ್ಲ. "ಯಾರಿಗೆ ಇಡ್ತೀರಿ ಇದನ್ನು? ಈ ಕಾವಲು ನಾಯಿಗಾ?" ಎಂದು ದೊಡ್ಡಪ್ಪನಿಗೆ ಕೇಳುವ ಹಾಗೆಯೇ ಕಿರುಚಿದೆ.

"ಹಾಗೆ ಹೇಳಬಾರದು. ಇನ್ನು ಬರುವವರಿಗೆ" ಎಂದರು ಬ್ಯಾರಿ. ದೊಡ್ಡಪ್ಪ ಆ ಸೌದೆ ನೋಡುತ್ತ ಜಗಲಿಯಲ್ಲಿ ಕುಸಿದು ಕೂತರು. ನಾನು ತಿರುಗಿ ನೋಡದೆ ಹತ್ತಿದೆ.

ಮುಂದಿನ ಸುದ್ದಿ ತಂದದ್ದು ತುಕ್ರಪ್ಪ. ಅದೇ ವಾರ ದೊಡ್ಡಪ್ಪ ಬೆಳ್ತಂಗಡಿಗೆ ನಡೆದು ಹೋಗಿ, ಅಂಗಿಯನ್ನೂ ಬೀಗದ ಕೈಯನ್ನೂ ಸಾಹೇಬನ ಮೇಜಿನ ಮೇಲಿಟ್ಟು, "ನನ್ನಿಂದ ಆಗುವುದಿಲ್ಲ" ಎಂದರಂತೆ. ತಿಂಗಳೊಳಗೆ ಆಳುಗಳು ಬಂದು ಅವರ ಮನೆ ಕಿತ್ತುಹಾಕಿದರು. ಬಾಳೆಯನ್ನೂ ಬಿಡಲಿಲ್ಲ. ಊರಿನ ಒಬ್ಬನೇ ಒಬ್ಬನೂ ಹೋಗಿ ಅಡ್ಡ ನಿಲ್ಲಲಿಲ್ಲ. ತಮ್ಮ ತಮ್ಮ ಮನೆಗಳು ಯಾವ ಗಡಿಯೊಳಗಿವೆ ಎಂಬ ಚಿಂತೆ ಅವರಿಗೆ.

ಮಾರ್ಚ್‌ನಲ್ಲಿ ಒಂದು ಮಧ್ಯಾಹ್ನ ದೊಡ್ಡಪ್ಪ ನನ್ನ ಗಂಡನ ಮನೆಯ ಅಂಗಳಕ್ಕೆ ಬಂದರು. ಮನೆಯಲ್ಲಿ ನಾನು, ಮಗು ಇಬ್ಬರೇ. ಅವರ ಕಾಲಲ್ಲಿ ಧೂಳು, ಕೈಯಲ್ಲಿ ಒಂದು ಸಣ್ಣ ಗಂಟು.

"ಮಗುವನ್ನು ಒಮ್ಮೆ ನೋಡಿ ಹೋಗುವ ಅಂತ ಬಂದೆ" ಎಂದರು.

ಮನೆಗೆ ಬಂದವರಿಗೆ, ಶತ್ರುವೇ ಆಗಲಿ, ಮೊದಲು ಬೆಲ್ಲ ನೀರು ಕೊಡುವುದು ನಮ್ಮ ಪದ್ಧತಿ. ನಾನು ಕೊಡಲಿಲ್ಲ. ಅವರು ಕೆಲಸ ಬಿಟ್ಟದ್ದು, ಮನೆ ಹೋದದ್ದು, ಎಲ್ಲ ನನಗೆ ಗೊತ್ತಿತ್ತು. ಗೊತ್ತಿದ್ದೂ ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಬಾಗಿಲು ಹಾಕಿದೆ, ಅಗಳಿ ಸರಿಸಿದ ಸದ್ದು ಅವರಿಗೆ ಕೇಳಲಿ ಎಂದು ಜೋರಾಗಿಯೇ ಸರಿಸಿದೆ. ಅವರು ಬಿಸಿಲು ಇಳಿಯುವವರೆಗೆ ಅಂಗಳದ ತುದಿಯಲ್ಲಿ ಕೂತಿದ್ದು ಹೊರಟುಹೋದರು. ಮತ್ತೆ ನಾನು ಅವರನ್ನು ನೋಡಲಿಲ್ಲ.

ಅರುವತ್ತಾರರಲ್ಲಿ ಅವರು ತೀರಿಕೊಂಡ ಸುದ್ದಿ ಬಂದಾಗ ಫರಂಗಿಪೇಟೆಗೆ ಹೋದೆ. ಆ ನಾಲ್ಕು ವರ್ಷವೂ ಅವರು ಇದ್ದದ್ದು ಉಮ್ಮರ್ ಬ್ಯಾರಿಯ ಅಂಗಡಿಯ ಹಿಂದಿನ ಕೋಣೆಯಲ್ಲಿ. ನನ್ನ ಮನೆಯಿಂದ ಇಳಿದವರು ನೆಟ್ಟಗೆ ಅಲ್ಲಿಗೇ ಹೋಗಿದ್ದರಂತೆ.

"ನೀವು ಎಂತ ಕೇಳಿದಿರಿ ಅವರ ಹತ್ತಿರ, ಬಂದಾಗ?" ಎಂದು ಕೇಳಿದೆ.

"ಕೇಳುವುದು ಎಂತ? ಊಟ ಆಯ್ತಾ ಕೇಳಿದೆ" ಎಂದರು ಬ್ಯಾರಿ.

ಈಗ ನನಗೆ ಎಂಬತ್ತು ದಾಟಿದೆ. ಸಾಹೇಬನನ್ನು ಬೈದು ಮುಗಿಸಿದೆ, ಊರನ್ನು ಬೈದು ಮುಗಿಸಿದೆ. ದೊಡ್ಡಪ್ಪ ಬಾಗಿಲು ತೆಗೆಯದೇ ಇದ್ದದ್ದು ಹೆದರಿಕೆಯಿಂದ. ಆ ಮಧ್ಯಾಹ್ನ ಅಗಳಿ ಸರಿಸಿದಾಗ ನನಗೆ ಯಾರ ಹೆದರಿಕೆಯೂ ಇರಲಿಲ್ಲ.