ಕಾವಲಿನ ಕಾಟಪ್ಪ

ಟೆಂಟು ಹಾಕುವುದು ಹೇಗೆಂದು ದೊಡ್ಡ ಸಾಹೇಬರಿಗೆ ತೋರಿಸಲು ಹೋದ ಕಾಟಪ್ಪ, ಟೆಂಟಿನ ಸಮೇತ ಗಾಳಿಗೆ ಉರುಳಿ ಜಾಲಿ ಮೆಳೆಯಲ್ಲಿ ಸಿಕ್ಕಿಕೊಂಡ. ಈಚೆ ಬಂದವನು ಮುಳ್ಳು ಕೀಳುತ್ತಲೇ, "ನೋಡಿದ್ರಾ ಸಾರ್, ನಮ್ ಚಳ್ಳಕೆರೆ ಗಾಳಿ ಎಂಗೈತೆ!" ಎಂದು ಹಿಗ್ಗಿದ. ನಮ್ಮ ಹುಲ್ಲುಗಾವಲಿನ ಸರ್ಕಾರಿ ಕ್ಯಾಂಪಿಗೆ ಅವನೇ ಕಾವಲುಗಾರ. ಬಂದವರಿಗೆ ಕಾಟ, ಹುಲ್ಲಿಗೆ ಅಪ್ಪ. ಒಣಹುಲ್ಲಿಗೆ ಒಂದು ಕಿಡಿ ಸಾಕೆಂದು ಗೇಟಿನಲ್ಲೇ ಎಲ್ಲರ ಬೆಂಕಿಪೊಟ್ಟಣ, ಲೈಟರು ಕಸಿದು ತನ್ನ ಟೋಪಿಗೆ ತುಂಬಿಕೊಳ್ಳುತ್ತಾನೆ. ಯಾರಾದರೂ ಕ್ಯಾಂಪ್‌ಫೈರ್ ಕೇಳಿದರೆ, "ಚಳಿ ಆದ್ರೆ ಕುಣೀರಿ, ಬೆಂಕಿ ಮಾತ್ರ ಇಲ್ಲ" ಎನ್ನುತ್ತಾನೆ. ದೂರದಲ್ಲಿ ಕೃಷ್ಣಮೃಗ ನೆಗೆದರೆ, ಶಾಲೆಯಲ್ಲಿ ಬಹುಮಾನ ಗೆದ್ದ ಮಗನನ್ನು ತೋರಿಸುವಂತೆ, "ಅಗೋ, ನಮ್ಮೋನು!" ಎಂದು ಎದೆಯುಬ್ಬಿಸುತ್ತಾನೆ. ಅವನು ಕೈಯೆತ್ತಿದಾಗ ಅಂಗಿಯ ತೋಳು ಸರಿದು, ಮೊಣಕೈವರೆಗಿನ ಸುಟ್ಟ ಕಲೆ ಕಾಣುತ್ತದೆ. ಹೋದ ವರ್ಷ ಯಾರೋ ಎಸೆದ ಬೀಡಿಯಿಂದ ಹುಲ್ಲುಗಾವಲಿಗೆ ಬೆಂಕಿ ಹತ್ತಿದಾಗ, ಹಸಿ ಬೇವಿನ ಕೊಂಬೆ ಮುರಿದುಕೊಂಡು ಒಬ್ಬನೇ ಬಡಿದು ಆರಿಸಿದ ಗುರುತು ಅದು. ಅವನು ನಮ್ಮವನೆಂದು ಹುಲ್ಲುಗಾವಲಿನ ಆಚೀಚೆಯ ಎರಡೂ ತಾಲ್ಲೂಕು ಜಗಳವಾಡುತ್ತವೆ. ಮೊನ್ನೆ ಮಕ್ಕಳನ್ನು ಕರೆತಂದಿದ್ದ ಶಿವರಂಜನಿ ಟೀಚರ್ ಕಣ್ಣು ತುಂಬಿಕೊಂಡು ಕೇಳಿದರು: "ಅಷ್ಟು ಬೆಂಕಿ ಮುಂದೆ ಓಡಿಹೋಗದೆ ಹೆಂಗೆ ನಿಂತ್ರಿ ಕಾಟಪ್ಪಾರೇ?" ಕಾಟಪ್ಪ ತಲೆ ಕೆರೆದುಕೊಂಡ. "ಓಡೋಕೇ ಹೋದೆ ಮೇಡಂ. ಬೈಕು ಸ್ಟಾರ್ಟ್ ಆಗ್ಲಿಲ್ಲ."