ಎಡಕ್ಕೆ ತಿರುಗಿದ ಗಂಟು

ಹಳೆಯ ಫ್ಯಾನುಗಳನ್ನು ಒಡೆಯುವ ಕೆಲಸ ಜಲಜಳಿಗೆ ಸಿಕ್ಕಿದ್ದು, ಅವುಗಳಿಗೆ ತಂತಿ ಸುತ್ತುವ ಕೆಲಸ ಗೊತ್ತಿದ್ದುದರಿಂದ. ಕರೆಂಟು ಮಾರುವ ಕಂಪನಿಯೇ ಜನರಿಗೆ ಕರೆಂಟು ಉಳಿಸಲು ನೆರವಾಗಬೇಕೆಂದು ರಾಜ್ಯದಲ್ಲಿ ಕಾನೂನು ಬಂದಿತ್ತು. ಕಂಪನಿಯವರು ಮನೆಮನೆಗೆ, ಲಾಡ್ಜು ಹೋಟೆಲುಗಳಿಗೆ ಕಡಿಮೆ ಕರೆಂಟಿನ ಫ್ಯಾನು ಕೊಟ್ಟು ಹಳೆಯದನ್ನು ವಾಪಸು ತರುತ್ತಿದ್ದರು. ಅವೆಲ್ಲ ಕುಂದಾಪುರದ ಒಂದು ಶೆಡ್ಡಿಗೆ ಬಂದು ಬೀಳುತ್ತಿದ್ದವು. ಮತ್ತೆ ಯಾರ ಮನೆಯಲ್ಲೂ ತಿರುಗದಂತೆ ಅವನ್ನು ಬಿಚ್ಚಿ, ಒಳಗಿನ ತಾಮ್ರದ ತಂತಿಯನ್ನು ಕತ್ತರಿಸಬೇಕು.

"ಮೀನ್ ಮಾರುವಳೇ ಮೀನ್ ಕಮ್ಮಿ ತಿನ್ನಿ ಅಂದಂಗಾಯ್ತಲೆ ಸಾರ್" ಎಂದು ಮೊದಲ ದಿನ ಅವಳು ನಕ್ಕಿದ್ದಳು.

ಕಂಪನಿಯ ಎಂಜಿನಿಯರ್ ರತೀಶನೂ ನಕ್ಕ. "ಕಾನೂನ್ ಅಲ್ದಾ ಜಲಜಕ್ಕ. ಎಷ್ಟ್ ಉಳ್ಸಿತ್ ಅಂದ್ ನಾವ್ ವರ್ಷ ವರ್ಷ ಸರ್ಕಾರಕ್ಕೆ ಲೆಕ್ಕ ತೋರ್ಸ್ಕ್."

ಜಲಜ ಕೋಡಿ ಎಂಬ ಕಡಲೂರಿನ ಮೀನುಗಾರರ ಮನೆಯವಳು. ಇಪ್ಪತ್ತರ ವಯಸ್ಸಿನಲ್ಲಿ ಹೆಂಗಸರಿಗೆಂದು ನಡೆದ ತರಬೇತಿಯಲ್ಲಿ ವೈಂಡಿಂಗ್, ಅಂದರೆ ಮೋಟಾರಿಗೆ ತಂತಿ ಸುತ್ತುವುದನ್ನು ಕಲಿತಳು. ಪಕ್ಕದಲ್ಲಿ ಕೂತು ಕಲಿತವಳು ಬ್ರಹ್ಮಾವರದ ಕುಸುಮಾವತಿ. ಆಮೇಲೆ ಇಬ್ಬರೂ ಸೇರಿ ತಲ್ಲೂರಿನ ಹೆದ್ದಾರಿ ಬದಿಯಲ್ಲಿ ಅಂಗಡಿ ಇಟ್ಟರು. ಹೆಂಗಸರು ಕಟ್ಟಿದ ಮೋಟಾರು ಓಡುತ್ತದೆಯೇ ಎಂದು ಕೇಳಿದವರೇ ವರ್ಷ ಕಳೆಯುವಷ್ಟರಲ್ಲಿ ಪಂಪು ಹೊತ್ತುಕೊಂಡು ಸಾಲು ನಿಂತರು. ತಂತಿ ಸುತ್ತಿದ ಮೇಲೆ ನೂಲಿನಿಂದ ಬಿಗಿಯುವಾಗ ಜಲಜ ಬಲೆ ಹೆಣೆಯುವ ಗಂಟನ್ನೇ ಹಾಕುತ್ತಿದ್ದಳು. ಅದನ್ನು ಕುಸುಮಾವತಿಗೂ ಕಲಿಸಿದಳು. ಕುಸುಮಾವತಿ ಎಡಚಿ, ಹಾಗಾಗಿ ಅವಳ ಗಂಟು ಎಡಕ್ಕೆ ತಿರುಗುತ್ತಿತ್ತು.

ಹನ್ನೊಂದು ವರ್ಷ ಹೀಗೆ ನಡೆಯಿತು. ಕುಸುಮಾವತಿಯ ಗಂಡ ಮುಂಬೈಯಲ್ಲಿ ಹೋಟೆಲು ಹಿಡಿದು ಅವಳನ್ನು ಕರೆಸಿಕೊಂಡ. ಹೊರಡುವ ದಿನ ಜಲಜ ಬಸ್ಸಿನ ಬಳಿ ಹೋಗಲಿಲ್ಲ. ಮುಂಬೈಯಿಂದ ಎರಡು ಕಾಗದ ಬಂದವು. ನನ್ನನ್ನು ಬಿಟ್ಟು ಹೋದಳಲ್ಲ ಎಂಬ ಸಿಟ್ಟಿನಲ್ಲಿ ಜಲಜ ಉತ್ತರ ಬರೆಯಲಿಲ್ಲ. ಸಿಟ್ಟು ಇಳಿದಾಗ ವಿಳಾಸ ಕಳೆದುಹೋಗಿತ್ತು. ಒಬ್ಬಳಿಂದ ನಡೆಯದೆ ಅಂಗಡಿಯೂ ಮುಚ್ಚಿತು. ಇದೆಲ್ಲ ಆಗಿ ಇಪ್ಪತ್ತು ವರ್ಷದ ಮೇಲಾಯಿತು.

ಕಳೆದ ಫೆಬ್ರವರಿಯಲ್ಲಿ ಕೊಲ್ಲೂರಿನ ಒಂದು ಲಾಡ್ಜಿನಿಂದ ಹದಿನಾಲ್ಕು ಫ್ಯಾನು ಬಂದವು. ಏಳನೆಯದನ್ನು ಬಿಚ್ಚಿದ ಜಲಜ ಕತ್ತರಿ ಕೆಳಗಿಟ್ಟಳು. ಬಲೆಯ ಗಂಟು. ಎಡಕ್ಕೆ ತಿರುಗಿದ್ದು. ತಂತಿ ಇನ್ನೂ ಹೊಳೆಯುತ್ತಿತ್ತು. ಸುತ್ತಿ ಮೂರು ನಾಲ್ಕು ವರ್ಷಕ್ಕಿಂತ ಹೆಚ್ಚಾಗಿರಲಿಕ್ಕಿಲ್ಲ.

"ಇದೊಂದ್ ಇಟ್ಕಂತೆ ಸಾರ್."

"ಆಪುದಿಲ್ಲೆ ಜಲಜಕ್ಕ. ಒಡ್ದ್ ಫೋಟೋ ತೆಗ್ದ್ ಕಂಪ್ನಿಗೆ ಕಳ್ಸ್ಕ್. ಒಂದ್ ಬಿಟ್ರೂ ನನ್ನನ್ನೇ ಕೇಂತ್ರ್."

ಅವಳು ಕತ್ತರಿಸಲಿಲ್ಲ. ಉಗುರಿನಿಂದ ಗಂಟನ್ನು ಸಡಿಲಿಸಿ, ತಂತಿಯನ್ನು ಸುತ್ತು ಸುತ್ತಾಗಿ ಬಿಚ್ಚಿದಳು. ವಾರ್ನಿಷ್ ಹಿಡಿದ ತಂತಿ ಅಲ್ಲಲ್ಲಿ ತುಂಡಾಯಿತು. ಊಟಕ್ಕೆ ಕರೆದರೂ ಏಳಲಿಲ್ಲ. ರತೀಶ ದೂರದಿಂದ ನೋಡಿದ. ಸಂಜೆ ಬರಿದಾದ ಫ್ಯಾನಿನ ಫೋಟೋ ಕ್ಲಿಕ್ಕಿಸಿ ಹೋದ.

ಭಾನುವಾರ ಬೆಳಿಗ್ಗೆ ಜಲಜ ಕೊಲ್ಲೂರಿನ ಬಸ್ಸು ಹತ್ತಿದಳು. ಲಾಡ್ಜು ನೋಡಿಕೊಳ್ಳುವ ಶೇಖರ ಯಾತ್ರಿಕರಿಗೆ ಕೀಲಿ ಕೊಡುತ್ತಿದ್ದ. ಅವಳು ಬಂದ ವಿಷಯ ಕೇಳಿ ಬೆರಗಾದ.

"ಆ ಫ್ಯಾನ್ ಮುಂಬೈದ್ ಅಕ್ಕ. ನಮ್ ಧಣಿಗಳ್ ಅಲ್ಲಿ ಮುಲುಂಡಂಗೆ ಇದ್ದ ಕ್ಯಾಂಟೀನ್ ಮುಚ್ಚಿ ಸಾಮಾನೆಲ್ಲ ಇಲ್ಲಿಗೆ ತಂದ್ರ್. ನಾನೂ ಆಗ ಅಲ್ಲೇ ಕೆಲ್ಸಕ್ಕಿದ್ದೆ. ಹತ್ರವೇ ಒಬ್ರ್ ಹೆಂಗ್ಸ್ ಫ್ಯಾನ್ ಸುತ್ತಿ ಕೊಡ್ತಿದ್ರ್. ನಮ್ ಬದಿಯೋರೇ."

"ಎಡಗೈಯಂಗೆ ಕೆಲ್ಸ ಮಾಡ್ತಿದ್ಲಾ?"

"ಹೌದೌದು! ನಾ ಕುಂದಾಪ್ರ ಬದಿಯವ ಅಂದ್ರೆ ಸಾಕ್, ಒಂದೇ ಪ್ರಶ್ನೆ. ತಲ್ಲೂರಂಗೆ ವೈಂಡಿಂಗ್ ಅಂಗ್ಡಿ ಈಗ್ಳೂ ಇತ್ತಾ ಅಂದ್ ಕೇಂತಿದ್ರ್."

"ನೀವ್ ಎಂತ ಅಂದ್ರಿ?"

ಶೇಖರ ತಲೆ ತಗ್ಗಿಸಿದ. "ಗೊತ್ತಿಲ್ಲೆ ಅಂದಿದ್ದೆ ಅಕ್ಕ. ನಂಗೆ ಗೊತ್ತಿರ್ಲಿಲ್ಲೆ."

ಅವನು ಮುಲುಂಡಿನ ಪರಿಚಯದವನಿಗೆ ಫೋನು ಮಾಡಿದ. ರಸ್ತೆ ಅಗಲ ಮಾಡುವಾಗ ಆ ಸಾಲಿನ ಅಂಗಡಿಗಳೆಲ್ಲ ಹೋದವು, ಆಕೆ ಎಲ್ಲಿಗೆ ಹೋದರೆಂದು ತಿಳಿಯದು, ಊರಿಗೇ ಹೋಗುತ್ತೇನೆ ಎನ್ನುತ್ತಿದ್ದರು ಎಂದು ಆ ಕಡೆಯವನು ಹೇಳಿದ. ಜಲಜ ಫೋನನ್ನು ಇಸಿದುಕೊಂಡು ಕಿವಿಗೆ ಒತ್ತಿ ಹಿಡಿದು, ಕೊನೆಯ ಮಾತನ್ನು ಇನ್ನೊಮ್ಮೆ ಹೇಳಿಸಿದಳು.

ವಾಪಸು ಬರುವಾಗ ಕುಂದಾಪುರಕ್ಕೆ ಟಿಕೆಟಿದ್ದರೂ ತಲ್ಲೂರಿನಲ್ಲಿ ಇಳಿದಳು. ಅವರ ಅಂಗಡಿಯಿದ್ದ ಜಾಗದಲ್ಲಿ ಈಗ ಮೊಬೈಲ್ ಅಂಗಡಿ. ಒಳಗೆ ದಿವ್ಯಾ ಎಂಬ ಹುಡುಗಿ ಕೂತಿದ್ದಳು.

"ಹ್ವಾಯ್, ಒಂದ್ ಉಪಕಾರ ಆಯ್ಕಿತ್ತ್ ಹೆಣ್ಣೆ. ಯಾರಾರೂ ಬಂದ್ ಇಲ್ಲಿ ವೈಂಡಿಂಗ್ ಅಂಗ್ಡಿ ಇತ್ತಾ ಅಂದ್ ಕೇಂಡ್ರೆ, ನನ್ ನಂಬರ್ ಕೊಡ್."

"ಯಾರ್ ಬತ್ರ್ ಅಕ್ಕ?"

"ನನ್ನಷ್ಟೇ ಪ್ರಾಯದೋಳ್. ಬತ್ಲೋ ಇಲ್ಯೋ."

ಹುಡುಗಿ ನಂಬರು ಒತ್ತಿಕೊಂಡು ತಲೆಯೆತ್ತಿದಳು. "ಎಂತ ಹೆಸ್ರಂದ್ ಸೇವ್ ಮಾಡ್ಕ್?"

ಜಲಜ ಕೌಂಟರಿನ ಮೇಲೆ ಬಾಗಿ ಹೇಳಿದಳು.

"ತಲ್ಲೂರ್ ವೈಂಡಿಂಗ್ ಅಂದ್ ಮಾಡ್. ಅಂಗ್ಡಿ ಈಗ್ಳೂ ಇತ್ತ್ ಅಂದೇ ಹೇಳ್."